ಅವಳಿ ಮಕ್ಕಳೊಂದಿಗೆ ಮೈಸೂರಿನ ವಾಟರ್ ಪಾರ್ಕ್: ಹೊರಡುವ ಮುಂಚೆ ಎತ್ತರ ಅಳೆದುಕೊಳ್ಳಿ

ನಮ್ಮ ಅವಳಿಗಳಿಗೆ ಈಗ ಐದು ವರ್ಷ. ನೀರು ಕಂಡರೆ ಕಿಟ್ಟಿಗೆ ಚಪ್ಪಲಿ ಬಿಡುವಷ್ಟೂ ತಾಳ್ಮೆ ಇರುವುದಿಲ್ಲ. ಅಮ್ಮು ನೆಂಟರ ಮನೆಗೆ ಹೋದರೂ ಅರ್ಧ ಗಂಟೆ ನನ್ನ ಬೆನ್ನ ಹಿಂದೆಯೇ ನಿಲ್ಲುತ್ತಾಳೆ. ಇಬ್ಬರನ್ನೂ ಕರೆದುಕೊಂಡು ಫೆಬ್ರವರಿಯ ಒಂದು ಬುಧವಾರ ಮಂಡ್ಯದಿಂದ ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿರುವ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿಗೆ ಹೋಗಿ ಬಂದೆವು. ಹೊರಡುವ ಮುಂಚೆ ಒಂದು ವಾರ ನಾನೂ ನನ್ನ ಹೆಂಡತಿಯೂ ತಲೆ ಕೆಡಿಸಿಕೊಂಡಿದ್ದು ಅಮ್ಮು ಬಗ್ಗೆ. ಅಲ್ಲಿ ಹೋದ ಮೇಲೆ ಸಂಕಟಪಟ್ಟವನು ಕಿಟ್ಟಿ.

ರೈಡುಗಳ ಬಳಿ ಎತ್ತರದ ಗೆರೆ ಇರುತ್ತದೆ. ಅವಳಿಗಳಾದರೂ ಅಮ್ಮು ಎರಡು ಬೆರಳು ಹೆಚ್ಚು ಎತ್ತರ. ಒಂದು ರೈಡಿನ ಮುಂದೆ ನಿಲ್ಲಿಸಿದಾಗ ಅವಳ ತಲೆ ಗೆರೆ ದಾಟಿತು, ಇವನ ತಲೆ ಗೆರೆಯ ಕೆಳಗೇ ಉಳಿಯಿತು. ಕಿಟ್ಟಿ ತುದಿಗಾಲಲ್ಲಿ ನಿಂತ, ಉಸಿರು ಬಿಗಿಹಿಡಿದ. ಅಲ್ಲಿದ್ದ ಹುಡುಗ ಮೆಲ್ಲಗೆ ಅವನ ಹಿಮ್ಮಡಿ ಮುಟ್ಟಿ ನೆಲಕ್ಕೆ ಊರಿಸಿ, "ಇನ್ನೊಂದ್ ವರ್ಷ ಬಿಟ್ಟು ಬಾ ಮರಿ" ಅಂದ. ಅವನು ಮಾಡಿದ್ದು ಸರಿ. ಬೆಲ್ಟು, ಕಂಬಿಗಳು ಒಂದು ಅಳತೆಯ ಮೈಗೆ ಕೂರುವಂತೆ ಮಾಡಿದವು. ಚಿಕ್ಕ ಮೈ ಜಾರುತ್ತದೆ. ಆದರೆ ಮಗುವಿಗೆ ಅದು ಹೇಗೆ ಅರ್ಥವಾಗಬೇಕು? "ಅವ್ಳಿಗೆ ಬ್ಯಾಡ ಅಂದ್ರೂ ಬುಡ್ತಾರೆ, ನಂಗ್ ಬೇಕು ಅಂದ್ರೂ ಬುಡಲ್ಲ" ಎಂದು ಅತ್ತ ಅಳು ಇನ್ನೂ ನನ್ನ ಕಿವಿಯಲ್ಲಿದೆ. ಹಾಗಾಗಿ ಮೊದಲ ಮಾತು ಇದೇ: ಮನೆಯಲ್ಲೇ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಇಬ್ಬರ ಎತ್ತರ ಅಳೆಯಿರಿ. ಪಾರ್ಕಿಗೆ ಫೋನ್ ಮಾಡಿ ಯಾವ ರೈಡಿಗೆ ಎಷ್ಟು ಎತ್ತರ ಬೇಕು ಎಂದು ಕೇಳಿ. ಸಿಗದ ರೈಡಿನ ಸುದ್ದಿಯನ್ನು ಧೈರ್ಯದ ಮಗುವಿಗೆ ಮನೆಯಲ್ಲೇ ತಿಳಿಸಿಬಿಡಿ. ಸಾಲಿನಲ್ಲಿ ಅರ್ಧ ಗಂಟೆ ನಿಂತು ಕೇಳುವುದಕ್ಕಿಂತ ಅದು ಮೇಲು.

ಎರಡು ಮಕ್ಕಳಿಗೆ ಇಬ್ಬರು ದೊಡ್ಡವರು ಸಾಲುವುದಿಲ್ಲ. ನಮ್ಮವ್ವ ಜೊತೆಗೆ ಬಂದಿದ್ದರಿಂದ ದಿನ ಉಳಿಯಿತು. ಅವ್ವ ನೆರಳಲ್ಲಿ ಚಾಪೆ ಹಾಸಿ ಚೀಲ ಕಾಯುತ್ತಾ ಕೂತರು. ಹಸಿವಾದರೆ, ಹೆದರಿಕೆಯಾದರೆ ಓಡಿಬರಲು ಮಕ್ಕಳಿಗೆ ಕದಲದ ಒಂದು ಜಾಗ ಸಿಕ್ಕಿತು. ನಾವಿಬ್ಬರೂ ಒಂದೊಂದು ಮಗು ಹಂಚಿಕೊಂಡು, ಊಟವಾದ ಮೇಲೆ ಅದಲುಬದಲಾದೆವು.

ಬಟ್ಟೆಯ ವಿಷಯ. ನೀರಿಗಿಳಿಯಲು ಹತ್ತಿ ಬಟ್ಟೆ ಬೇಡ, ನೈಲಾನಿನದ್ದೇ ಬೇಕು, ಮನೆಯಿಂದಲೇ ಒಯ್ಯಿರಿ. ಬಣ್ಣ ನೀಲಿ ಬೇಡವೇ ಬೇಡ, ಕೊಳದ ನೀರಿನಲ್ಲಿ ಮಗು ಕಾಣುವುದಿಲ್ಲ. ಅವಳಿಗಳೆಂದು ಒಂದೇ ಬಣ್ಣ ಹಾಕುವ ಆಸೆಯನ್ನೂ ಬಿಡಿ. ಕಿಟ್ಟಿಗೆ ಕಿತ್ತಳೆ, ಅಮ್ಮುಗೆ ಕಡು ಗುಲಾಬಿ ಹಾಕಿದ್ದರಿಂದ ಯಾರು ಎಲ್ಲಿದ್ದಾರೆ ಎಂದು ದೂರದಿಂದಲೇ ತಿಳಿಯುತ್ತಿತ್ತು. ತೋಳಿನ ಮೇಲೆ ಪೆನ್ನಿನಲ್ಲಿ ನನ್ನ ಮೊಬೈಲ್ ನಂಬರ್ ಬರೆದಿದ್ದೆ, ಮಧ್ಯಾಹ್ನಕ್ಕೆ ಅಳಿಸಿತ್ತು, ಮತ್ತೆ ಬರೆದೆ.

ಅಮ್ಮು ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಯಂತ್ರದಿಂದ ಅಲೆ ಎಬ್ಬಿಸುವ ವೇವ್ ಪೂಲಿನ ಹತ್ತಿರ "ನೋಡು, ಕಿಟ್ಟಿ ಆಗ್ಲೇ ಇಳ್ದ" ಅಂದುಬಿಟ್ಟೆ. ಅವಳು ಮಾತಾಡದೆ ಅಜ್ಜಿಯ ಸೆರಗಿನೊಳಗೆ ಸೇರಿಕೊಂಡಳು. ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಅವಳಿಗಳನ್ನು ಸಾಕುವ ಯಾರೇ ಆಗಲಿ, ಈ ಒಂದು ಮಾತನ್ನು ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳಿ.

ಆಮೇಲೆ ಏನನ್ನೂ ಹೇಳದೆ ಅಂಚಿನಲ್ಲಿ, ನೀರು ಬೆರಳು ಮುಟ್ಟುವಷ್ಟೇ ಇರುವ ಕಡೆ ಕೂತೆ. ಅವಳು ಬಂದು ನನ್ನ ತೊಡೆಯ ಮೇಲೆ ಕೂತಳು. ಸೈರನ್ ಕೂಗಿದಾಗ ಎರಡೂ ಕೈಯಲ್ಲಿ ನನ್ನ ಹೆಬ್ಬೆರಳು ಹಿಡಿದಳು. ಅಲೆ ಬಂತು, ಅವಳ ಪಾದ ತೋಯಿಸಿ ಹಿಂದೆ ಹೋಯಿತು. ಒದ್ದೆ ಸಿಮೆಂಟಿನ ಮೇಲೆ ಪಾದದ ಗುರುತು ಒತ್ತಿ, ಮುಂದಿನ ಅಲೆ ಅದನ್ನು ಅಳಿಸುವುದನ್ನೇ ನೋಡಿದಳು. ಮತ್ತೆ ಒತ್ತಿದಳು. ಅಲೆ ನಿಂತ ಮೇಲೆ, "ಅಪ್ಪಾಜಿ, ಅದು ಮತ್ತೆ ಯಾವಾಗ್ ಕೂಗ್ತದೆ?" ಅಂತ ಕೇಳಿದಳು. ಸೈರನ್ ಕೂಗಿದರೆ ಅಲೆ ಬರುತ್ತದೆ ಎಂಬ ಲೆಕ್ಕ ಸಿಕ್ಕಿದ್ದೇ ಹೆದರಿಕೆ ಇಳಿಯಿತು. ಮೂರನೇ ಸಲಕ್ಕೆ ಮೊಣಕಾಲಿನವರೆಗೆ ಹೋದಳು. ಟ್ಯೂಬಿನಲ್ಲಿ ತೇಲಿಕೊಂಡು ಹೋಗುವ ಲೇಜಿ ರಿವರ್ ಇಬ್ಬರಿಗೂ ಒಪ್ಪಿದ ಜಾಗ.

ಫೆಬ್ರವರಿಯಲ್ಲಿ ಬೆಳಿಗ್ಗೆ ನೀರು ತಣ್ಣಗಿರುತ್ತದೆ, ಬಿಸಿಲೇರಿದ ಮೇಲೆ ಇಳಿಸಿ. ದಸರಾ ರಜೆಯಲ್ಲಂತೂ ಚಿಕ್ಕವರನ್ನು ಕರೆತರಬೇಡಿ. ಅದೇ ದಿನ ಮೃಗಾಲಯಕ್ಕೂ ಹೋಗುವ ಆಸೆ ಬೇಡ, ಮಕ್ಕಳ ಕಾಲು ತಡೆಯುವುದಿಲ್ಲ. ಬೇರೆ ದಿನ ಹೋಗುವುದಾದರೆ ನೆನಪಿರಲಿ, ಮಂಗಳವಾರ ಮೃಗಾಲಯಕ್ಕೆ ರಜೆ.

ಮೂರು ಗಂಟೆಗೇ ಹೊರಟೆವು. ಹಿಂದಿರುಗುವಾಗ ಅದೇ ಕೆಆರ್‌ಎಸ್ ರಸ್ತೆಯಲ್ಲಿ, ಸ್ಟೇಷನ್ ಪಕ್ಕ, 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ಸಿಗುತ್ತದೆ. ಅಮ್ಮುವಿನಂಥ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಯಾವುದೂ ಮೈಮೇಲೆ ಬರುವುದಿಲ್ಲ, ಹಳೆಯ ಉಗಿ ಎಂಜಿನ್ನುಗಳು ನಿಂತಲ್ಲೇ ನಿಂತಿವೆ, ಬೇಕಾದಷ್ಟು ಹೊತ್ತು ನೋಡಬಹುದು. ಮಹಾರಾಣಿಯವರ ಬೋಗಿಯ ಮುಂದೆ ಅವಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿ ಅವ್ವನೇ ಸುಸ್ತಾದರು. ಪುಟಾಣಿ ರೈಲಿಗೆ ಅವಳೇ ಮುಂದೆ ಓಡಿ ಹತ್ತಿದಳು. ಕಿಟ್ಟಿ ನನ್ನ ಹೆಗಲ ಮೇಲೆ ಆಗಲೇ ನಿದ್ದೆ ಹೋಗಿದ್ದ.

ಮಂಡ್ಯಕ್ಕೆ ಸುಮಾರು 45 ಕಿ.ಮೀ. ಒದ್ದೆ ಬಟ್ಟೆಗೆ ಬೇರೆ ಚೀಲ, ಒಣ ಟವೆಲು ಎರಡು, ಕಾರಿನಲ್ಲಿ ಕೈಗೆ ಸಿಗುವಂತೆ ಮೊಸರನ್ನದ ಡಬ್ಬಿ ಇಟ್ಟುಕೊಂಡಿರಿ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಎಚ್ಚರವಾದ ಕಿಟ್ಟಿ ಮೊದಲು ಕೇಳಿದ್ದು ಊಟ. ಮನೆ ತಲುಪಿ ಕೇಳಿದ್ದು ಪೆನ್ಸಿಲ್, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು.