ಥರ್ಮಾಕೋಲ್ ಮುರಿಯುವ ಕೆಲಸ

ಬೈರಾಯ್ಟ್‌ನಲ್ಲಿ ಏನು ಓದುತ್ತಿದ್ದೀಯ ಅಂತ ಊರಿಂದ ಯಾರೇ ಕೇಳಿದರೂ "ಥರ್ಮಾಕೋಲ್ ಮೇಲೆ ಪಿಎಚ್‌ಡಿ" ಅಂದುಬಿಡುತ್ತೇನೆ. ಪಾಲಿಮರ್ ಫೋಮ್ ಅಂತ ಶುರು ಮಾಡಿದರೆ ಅಷ್ಟರಲ್ಲಿ ಫೋನ್ ಅಮ್ಮನ ಕೈಗೆ ಹೋಗಿರುತ್ತದೆ. ಸೋದರತ್ತೆಗೆ ಮಾತ್ರ ಇನ್ನೂ ಸಮಾಧಾನವಿಲ್ಲ. "ಅದಕ್ಕೆ ಜರ್ಮನಿಗೆ ಹೋಗಬೇಕಿತ್ತೇನೋ? ಗಣೇಶನ ಹಬ್ಬ ಮುಗಿದ ಮೇಲೆ ನಮ್ಮ ಬೀದೀಲೇ ರಾಶಿ ಬಿದ್ದಿರುತ್ತಲ್ಲ!"

ಈ ಊರಿಗೆ ಜಾಸ್ತಿ ಜನ ಬರುವುದು ಸಂಗೀತಗಾರ ವಾಗ್ನರ್‌ನ ಒಪೆರಾ (ಹಾಡಿನ ನಾಟಕ) ನೋಡಲು. ನಮ್ಮಂಥವರು ಬರುವುದು ಯೂನಿವರ್ಸಿಟಿಯ ಫೋಮ್ ಲ್ಯಾಬಿಗೆ. ಥರ್ಮಾಕೋಲ್ ಕೂಡ ಇದೇ ದೇಶದ್ದು. 1949ರ ಹೊತ್ತಿಗೆ ಬಿಎಎಸ್‌ಎಫ್ ಕಂಪನಿಯ ಫ್ರಿಟ್ಸ್ ಸ್ಟಾಸ್ನಿ ಕಂಡುಹಿಡಿದದ್ದು. ನೂರಕ್ಕೆ ಸುಮಾರು 98 ಪಾಲು ಗಾಳಿ. ಗಾಳಿ ಮಾರಿ ದುಡ್ಡು ಮಾಡುವುದು ಅಂದರೆ ಇದೇ ಇರಬೇಕು!

ನನ್ನ ಪಾಲಿಗೆ ಬಂದಿರುವುದು ಅದರ ದಾಯಾದಿ, ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್‌ನ ಉಬ್ಬಿಸಿದ ಮಣಿ. ಕಾರಿನ ಬಂಪರ್ ಒಳಗೆ ತುಂಬುತ್ತಾರಲ್ಲ, ಅದು. ಆಟೋಕ್ಲೇವ್‌ನಲ್ಲಿ, ಅಂದರೆ ದೊಡ್ಡ ಕುಕ್ಕರ್‌ನಂಥ ಪಾತ್ರೆಯಲ್ಲಿ, ನೀರಿನ ಜೊತೆ ಪ್ಲಾಸ್ಟಿಕ್ ಕಾಳು ಹಾಕಿ, ಕಾರ್ಬನ್ ಡೈಆಕ್ಸೈಡ್ ತುಂಬಿ, ಬಿಸಿ ಮಾಡುತ್ತೇವೆ. ಒತ್ತಡಕ್ಕೆ ಗ್ಯಾಸ್ ಕಾಳಿನೊಳಗೆ ಕರಗುತ್ತದೆ. ಆಮೇಲೆ ವಾಲ್ವ್ ತೆರೆದರೆ ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ, ಕಾಳೊಳಗೆಲ್ಲ ಗುಳ್ಳೆ ಏಳುತ್ತದೆ. ಒತ್ತಡ ಎಷ್ಟು ಬೇಗ ಇಳಿಯುತ್ತದೋ ಗುಳ್ಳೆ ಅಷ್ಟು ಜಾಸ್ತಿ, ಅಷ್ಟು ಸಣ್ಣ.

ಮಜಾ ಇರುವುದು ಮುಂದೆ. ಉಬ್ಬಿದ ಮಣಿಗಳನ್ನು ಅಚ್ಚಿಗೆ ತುಂಬಿ ಹಬೆ ಬಿಟ್ಟು ಬೆಸೆಯಬೇಕು. ಈ ಮಣಿಯಲ್ಲಿ ಎರಡು ಬಗೆಯ ಹರಳು, ಅಂದರೆ ಪ್ಲಾಸ್ಟಿಕ್‌ನ ಅಣುಗಳು ಒತ್ತಾಗಿ ಜೋಡಿಸಿಕೊಂಡ ಕಣ್ಣಿಗೆ ಕಾಣದ ಭಾಗಗಳು, ಇರುತ್ತವೆ. ಒಂದು ಬೇಗ ಕರಗುತ್ತದೆ, ಇನ್ನೊಂದಕ್ಕೆ ಜಾಸ್ತಿ ಬಿಸಿ ಬೇಕು. ಹಬೆಯ ಬಿಸಿ ಇವೆರಡರ ನಡುವೆ ನಿಲ್ಲಬೇಕು. ಆಗ ಮೊದಲನೆಯದು ಕರಗಿ ಪಕ್ಕದ ಮಣಿಗೆ ಅಂಟುತ್ತದೆ, ಎರಡನೆಯದು ಆಕಾರ ಬಿಡದೆ ಹಿಡಿದಿರುತ್ತದೆ. ಬಿಸಿ ಸ್ವಲ್ಪ ಹೆಚ್ಚಾದರೆ ಮಣಿ ಕುಗ್ಗಿಹೋಗುತ್ತದೆ. ಕಡಿಮೆಯಾದರೆ ಅಂಟುವುದೇ ಇಲ್ಲ.

ಅಂಟಿದೆಯೋ ಇಲ್ಲವೋ ನೋಡಲು ಎಳೆದು ಮುರಿಯುತ್ತೇವೆ. ಮಣಿಗಳು ಇಡಿಯಾಗಿ ಕಿತ್ತು ಬಂದರೆ ಬೆಸುಗೆ ಕಚ್ಚಾ. ಮಣಿಯೇ ಸೀಳಿದರೆ ಬೆಸುಗೆ ಗಟ್ಟಿ. ಟಿವಿ ಡಬ್ಬಿಯಲ್ಲಿ ಬಂದ ಥರ್ಮಾಕೋಲನ್ನು ಮನೆಯಲ್ಲೇ ಸುಮ್ನೆ ಮುರಿದು ನೋಡಿ, ಗೊತ್ತಾಗುತ್ತದೆ. ಒಳಗಿನ ಗುಳ್ಳೆ ನೋಡಬೇಕಾದರೆ ಚಾಕು ಹಾಕುವಂತಿಲ್ಲ, ಗೋಡೆಗಳು ನಜ್ಜುಗುಜ್ಜಾಗುತ್ತವೆ. ತೀರಾ ತಣ್ಣಗಿರುವ ದ್ರವ ನೈಟ್ರೋಜನ್‌ನಲ್ಲಿ ಅದ್ದಿ ಪೆಡಸಾಗಿಸಿ ಪಟ್ಟಂತ ಮುರಿದು, ಮೇಲೆ ತೆಳ್ಳಗೆ ಚಿನ್ನ ಲೇಪಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಇಡುತ್ತೇವೆ. ಥರ್ಮಾಕೋಲಿನ ದಾಯಾದಿಗೂ ಚಿನ್ನದ ಯೋಗ, ನೋಡಿ!

ಇನ್ನೊಂದು ಪರೀಕ್ಷೆ ಒತ್ತುವುದು. ಮೊದಲು ಫೋಮ್ ಬಿಗಿಯಾಗಿ ತಡೆಯುತ್ತದೆ. ಆಮೇಲೆ ಗುಳ್ಳೆಗಳ ಗೋಡೆ ಸಾಲಾಗಿ ಬಾಗಿ ಕುಸಿಯುತ್ತವೆ. ಬಲ ಅಷ್ಟಾಗಿ ಏರದೆ ಫೋಮ್ ಮಾತ್ರ ಕುಗ್ಗುತ್ತಾ ಹೋಗುತ್ತದೆ. ಪೆಟ್ಟಿನ ಶಕ್ತಿಯೆಲ್ಲ ನುಂಗುವುದು ಈ ಹಂತದಲ್ಲೇ. ಗೋಡೆಗೆ ಗೋಡೆ ತಾಗಿದ ಮೇಲೆ ಅದು ಬರೀ ಗಟ್ಟಿ ಪ್ಲಾಸ್ಟಿಕ್. ಹೆಲ್ಮೆಟ್ ತಲೆ ಕಾಯುವುದೂ ಹೀಗೆಯೇ. ಹೊರಗಿನ ಚಿಪ್ಪು ಪೆಟ್ಟನ್ನು ಹರಡುತ್ತದೆ, ನುಂಗುವುದು ಒಳಗಿನ ಥರ್ಮಾಕೋಲ್. ಬೆಂಗಳೂರಲ್ಲಿ ಪೊಲೀಸರಿಗೆ ತೋರಿಸಲು ಹಾಕಿಕೊಳ್ಳುವ ಟೋಪಿಯಂಥ ಹೆಲ್ಮೆಟ್ ಒಳಗೆ ಅದು ಇರುತ್ತದೋ ಇಲ್ಲವೋ!

ಪಾಲಿಪ್ರೊಪಿಲೀನ್ ಫೋಮ್ ಕುಗ್ಗಿದರೂ ಬಹುಮಟ್ಟಿಗೆ ಮತ್ತೆ ಏಳುತ್ತದೆ. ಥರ್ಮಾಕೋಲ್ ಏಳುವುದಿಲ್ಲ. ಮೊನ್ನೆ ತಮ್ಮ ಬೈಕಿನಿಂದ ಬಿದ್ದ. "ಹೆಲ್ಮೆಟ್‌ಗೆ ಒಂದು ಗೀರು ಅಷ್ಟೇ ಅಣ್ಣ, ಚೆನ್ನಾಗಿದೆ" ಅಂದ. "ಒಳಗೆ ಕುಸಿದಿರುತ್ತೆ ಕಣೋ, ಹೊಸದು ತಗೋ" ಅಂದೆ.

"ಹಂಗಾದ್ರೆ ದುಡ್ಡು ಕಳಿಸು."

ಕಳಿಸಿದೆ.