ಬಿಸಿಯಾದರೆ ನಿಲ್ಲುವ ಗಾಡಿ

ಭಾನುವಾರ, 16 ಮಾರ್ಚ್ 2025

ಕೊನೆಗೂ ಸಿಕ್ಕಿಬಿತ್ತು. ಕಂಡೆನ್ಸರ್! ಎಂಜಿನ್ನಿಗೆ ಕಿಡಿ ಕೊಡುವ ಏರ್ಪಾಡಿನ ಒಂದು ಭಾಗ. ಹೆಬ್ಬೆರಳಿನ ತುದಿಗೆಣ್ಣಿನಷ್ಟು ಉದ್ದದ ತಗಡಿನ ಡಬ್ಬಿ, ಅದರಿಂದ ಹೊರಬಂದ ಒಂದು ಗಿಡ್ಡ ವೈರು. ಇಷ್ಟು ದಿನ ನನ್ನ ಹಳೇ ಬೈಕನ್ನು ನಡುದಾರಿಯಲ್ಲಿ ನಿಲ್ಲಿಸುತ್ತಿದ್ದುದು ಇದೇ.

ಈ ಕಾಟ ಶುರುವಾದದ್ದು ಚಳಿ ಕಳೆದ ಮೇಲೆ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಅರ್ಧ ಗಂಟೆ ಸೊಗಸಾಗಿ ಓಡುತ್ತಿತ್ತು. ಆಮೇಲೆ ಎಲ್ಲಾದರೂ ಏರು ಬಂತೋ, ಮಿಸ್ಸಿಂಗ್ ಹೊಡೆಯಲು ಶುರು. ಸೈಲೆನ್ಸರ್ ಒಳಗೆ ಒಂದೆರಡು ಸಲ ಢಂ ಅನ್ನುವುದು, ಆಕ್ಸಲರೇಟರ್ ತಿರುವಿದರೂ ಎಳೆಯದೆ ಇರುವುದು, ಇನ್ನು ಹತ್ತಿಪ್ಪತ್ತು ಮಾರು ಹೋಗಿ ನಿಂತೇಬಿಡುವುದು. ಎಷ್ಟು ಒದ್ದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಎಂಜಿನ್ ಮೇಲೆ ಕೈಯಿಟ್ಟರೆ ಸುಡದಷ್ಟು ಆರುವವರೆಗೆ ರಸ್ತೆ ಬದಿ ಕೂತರೆ, ಮತ್ತೆ ಒಂದೇ ಕಿಕ್ಕು.

ಇಂಥ ರೋಗದ ದೊಡ್ಡ ತೊಂದರೆಯೆಂದರೆ ಅದನ್ನು ಯಾರಿಗೂ ತೋರಿಸಲು ಆಗುವುದಿಲ್ಲ. ಮೆಕ್ಯಾನಿಕ್ ಹತ್ತಿರ ತಲುಪಿ ನಮ್ಮ ಸರದಿ ಬರುವಷ್ಟರಲ್ಲಿ ಎಂಜಿನ್ ಆರಿರುತ್ತದೆ. ಅವರು ಸ್ಟಾರ್ಟ್ ಮಾಡಿ, ಒಂದು ಸುತ್ತು ಹೋಗಿ ಬಂದು, "ಸರಿಯಾಗೇ ಇದೆಯಲ್ಲ" ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ, ಅವರ ಕೈಗೆ ಸಿಕ್ಕಾಗ ಅದು ನಿಜಕ್ಕೂ ಸರಿಯಾಗಿಯೇ ಇರುತ್ತದೆ. ನಮಗೆ ಮಾತ್ರ ಆಫೀಸಿಗೆ ತಡ, ಜೊತೆಗೆ ಹೊರಟವರೆಲ್ಲ ಮುಂದೆ ಹೋಗಿ ಕಾಯುವುದು, ಹಿಂದೆ ಕೂರುವವರಿಗೆ ನಮ್ಮ ಮೇಲಿದ್ದ ನಂಬಿಕೆ ಹೋಗುವುದು. ಈ ಕೊನೆಯದು ನನ್ನನ್ನು ನಿಜವಾಗಿ ನೋಯಿಸಿತು. ಗಾಡಿ ನಿಂತರೆ ತಳ್ಳಬಹುದು. "ನೀನು ಹೊರಡು, ನಾನು ಬಸ್ಸಿಗೆ ಬರುತ್ತೇನೆ" ಅಂದಾಗ ಏನು ಹೇಳುವುದು?

"ಅದಕ್ಕೆ ಮೂಡು ಬರಬೇಕು ಕಣೋ" ಅನ್ನುವುದು ಗೆಳೆಯರ ಮಾತು. ಪ್ರೀತಿಯಿಂದಲೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಬ್ಬಿಣಕ್ಕೆ ಮೂಡು ಇರುವುದಿಲ್ಲ. ಹಟ ಹಿಡಿದಂತೆ ಕಾಣುವ ಪ್ರತಿಯೊಂದರ ಹಿಂದೆಯೂ ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದು ಕಾರಣ ಇದ್ದೇ ಇರುತ್ತದೆ. ಮೂಡು ಅಂದುಬಿಟ್ಟರೆ ಹುಡುಕಾಟವೇ ನಿಂತುಹೋಗುತ್ತದೆ.

ಗಾಡಿಯ ಪರಿಚಯ ಇಲ್ಲದವರಿಗೆ: ಇದು 350 ಸಿಸಿಯ ಸಿಂಗಲ್ ಸಿಲಿಂಡರ್, ಫೋರ್ ಸ್ಟ್ರೋಕ್, ಹಳೇ ಕಾಲದ ಕಟ್ಟು. ಸೆಲ್ಫ್ ಇಲ್ಲ. ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. 1970ರ ದಶಕದ ಮಧ್ಯದಲ್ಲಿ ಅಮೆರಿಕ ಗೇರು ಎಡಗಡೆಯೇ ಇರಬೇಕೆಂದು ನಿಯಮ ಮಾಡಿದ ಮೇಲೆ ಹೆಚ್ಚಿನ ಕಂಪನಿಗಳು ಅತ್ತಲೇ ವಾಲಿದವು. ಇದು ಅದಕ್ಕಿಂತ ಹಿಂದಿನ ಪದ್ಧತಿಯದು. ಹೊಸಬರು ಗಾಬರಿಯಲ್ಲಿ ಬ್ರೇಕ್ ಅಂತ ತುಳಿದರೆ ಗೇರು ಬೀಳುತ್ತದೆ, ಆದ್ದರಿಂದ ಯಾರು ಕೇಳಿದರೂ ಓಡಿಸಲು ಕೊಡುವುದಿಲ್ಲ.

ಸ್ಟಾರ್ಟ್ ಮಾಡುವುದಕ್ಕೂ ಒಂದು ಕ್ರಮವಿದೆ. ಬಲ ಇದ್ದರೆ ಸಾಕು ಅಂದುಕೊಂಡವರ ಕಣಕಾಲು ಉಳಿಯುವುದಿಲ್ಲ. ಪೆಟ್ರೋಲ್ ನಲ್ಲಿ ತಿರುವಿ, ಕೀ ಆನ್ ಮಾಡಿ, ಹೆಡ್‌ಲೈಟ್ ಪಕ್ಕದ, ಕರೆಂಟು ತೋರಿಸುವ ಆಮೀಟರ್ ಮುಳ್ಳನ್ನು ನೋಡಬೇಕು. ಪಾಯಿಂಟ್ಸ್, ಅಂದರೆ ಎಂಜಿನ್ ತಿರುಗಿದಂತೆ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚು, ಮುಚ್ಚಿದ್ದರೆ ಮುಳ್ಳು ಎಡಕ್ಕೆ ವಾಲಿರುತ್ತದೆ. ಡಿಕಂಪ್ರೆಷನ್ ಲಿವರ್ ಹಿಡಿದು, ಅಂದರೆ ಎಕ್ಸಾಸ್ಟ್ ವಾಲ್ವನ್ನು ಎತ್ತಿಟ್ಟು, ಕಿಕ್ಕರನ್ನು ನಿಧಾನಕ್ಕೆ ಒತ್ತುತ್ತ ಹೋದರೆ ಒಂದು ಹಂತದಲ್ಲಿ ಮುಳ್ಳು ಟಕ್ ಅಂತ ನಡುವಿಗೆ ಬರುತ್ತದೆ. ಪಾಯಿಂಟ್ಸ್ ತೆರೆಯಿತು, ಪಿಸ್ಟನ್ ತುತ್ತತುದಿಯ ಹತ್ತಿರ ಬಂದಿದೆ ಎಂದರ್ಥ. ಅಲ್ಲಿಂದ ಕೂದಲೆಳೆಯಷ್ಟು ಮುಂದೆ ದಾಟಿಸಿ, ಲಿವರ್ ಬಿಟ್ಟು, ಕಿಕ್ಕರನ್ನು ಮೇಲಕ್ಕೆ ಬರಗೊಟ್ಟು, ಮೈಭಾರ ಪೂರಾ ಬಿಟ್ಟು ಇಳಿಯಬೇಕು. ತುದಿ ದಾಟಿಸದೆ ಅರ್ಧಂಬರ್ಧ ಒದ್ದರೆ ಪಿಸ್ಟನ್ ಮೇಲೆ ಬರುವ ಮೊದಲೇ ಕಿಡಿ ಹಾರಿ ಎಂಜಿನ್ ಹಿಮ್ಮುಖ ತಿರುಗುತ್ತದೆ. ಕಿಕ್ಕರ್ ಆಗ ಕಾಲನ್ನೇ ಎತ್ತಿ ಒಗೆಯುತ್ತದೆ. ಕ್ರಮ ತಪ್ಪದಿದ್ದರೆ ತೆಳ್ಳಗಿನವರೂ ಇದನ್ನು ಸುಲಭವಾಗಿ ಸ್ಟಾರ್ಟ್ ಮಾಡಬಹುದು.

ಈಗ ಕಂಡೆನ್ಸರ್ ವಿಷಯಕ್ಕೆ ಬರುತ್ತೇನೆ. ಈ ಇಗ್ನಿಷನ್ ಪದ್ಧತಿಯನ್ನು, ಅಂದರೆ ಕಿಡಿ ಹಾರಿಸುವ ವಿಧಾನವನ್ನು, 1910ರ ಆಸುಪಾಸಿನಲ್ಲಿ ರೂಪಿಸಿದವರು ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕನ್ ಎಂಜಿನಿಯರ್. 1912ರ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರ್ ಮಾಡಿಕೊಟ್ಟವರೂ ಅವರೇ. ಪದ್ಧತಿ ಎಷ್ಟು ಸರಳ ಅಂದರೆ, ಬ್ಯಾಟರಿಯ ಕರೆಂಟು ಇಗ್ನಿಷನ್ ಕಾಯಿಲ್‌ನ ಒಂದು ತಂತಿಸುತ್ತಿನಲ್ಲಿ ಹರಿಯುತ್ತ ಅಯಸ್ಕಾಂತ ಶಕ್ತಿಯನ್ನು ತುಂಬುತ್ತದೆ. ಪಾಯಿಂಟ್ಸ್ ತೆರೆದ ಕ್ಷಣ ಕರೆಂಟು ಕಡಿದು, ಆ ಶಕ್ತಿ ಒಮ್ಮೆಲೇ ಕುಸಿದು, ಇನ್ನೊಂದು ಸುತ್ತಿನಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟ್ ಎದ್ದು ಪ್ಲಗ್‌ನಲ್ಲಿ ಕಿಡಿಯಾಗುತ್ತದೆ. "ಒಮ್ಮೆಲೇ" ಅನ್ನುವುದರಲ್ಲೇ ಎಲ್ಲವೂ ಇದೆ. ಪಾಯಿಂಟ್ಸ್ ತೆರೆಯುವಾಗ ಆ ಸಣ್ಣ ಸಂದಿಯಲ್ಲೇ ಕರೆಂಟು ಜಿಗಿದುಬಿಟ್ಟರೆ ಕುಸಿತ ನಿಧಾನವಾಗುತ್ತದೆ, ಪ್ಲಗ್‌ನಲ್ಲಿ ಕಿಡಿ ಸೊರಗುತ್ತದೆ. ಅದು ಜಿಗಿಯದಂತೆ ಆ ಗಳಿಗೆಯ ಕರೆಂಟನ್ನು ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರ್ ಕೆಲಸ. ನಿಮಿಷಕ್ಕೆ 3000 ಸುತ್ತು ತಿರುಗುವ ಫೋರ್ ಸ್ಟ್ರೋಕ್ ಸಿಂಗಲ್‌ನಲ್ಲಿ ಸೆಕೆಂಡಿಗೆ 25 ಸಲ ಇದು ನಡೆಯಬೇಕು. ಒಳಗಿರುವುದು ಸುರುಳಿ ಸುತ್ತಿದ ಲೋಹದ ತೆಳು ಹಾಳೆ, ಹಾಳೆಗಳ ನಡುವೆ ಕಾಗದ. ಅಷ್ಟೇ. ಆ ಕಾಗದಕ್ಕೆ ವಯಸ್ಸಾದರೆ ಬಿಸಿಯಲ್ಲಿ ಕರೆಂಟು ಸೋರುತ್ತದೆ, ಆರಿದ ಮೇಲೆ ಎಷ್ಟೋ ಸಲ ಮತ್ತೆ ಸರಿಯಾಗುತ್ತದೆ.

ಆದರೆ ಬಿಸಿಯಾದಾಗ ನಿಲ್ಲಿಸುವುದು ಕಂಡೆನ್ಸರ್ ಒಂದೇ ಅಲ್ಲ. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿದ್ದರೂ ಹೀಗೇ ಆಗುತ್ತದೆ. ಪೆಟ್ರೋಲ್ ಇಳಿದಷ್ಟೂ ಒಳಗೆ ನಿರ್ವಾತ ಏರ್ಪಟ್ಟು ಕಾರ್ಬ್ಯುರೇಟರ್‌ಗೆ ಪೆಟ್ರೋಲೇ ಬರುವುದಿಲ್ಲ, ಕಾದು ಕೂತರೆ ನಿಧಾನಕ್ಕೆ ಗಾಳಿ ಸೇರಿ ಸರಿಹೋಗುತ್ತದೆ. ಕಾಯಿಲ್ ಒಳಗಿನ ತಂತಿ ಬಿಸಿಗೆ ಹಿಗ್ಗಿ ಕಡಿದುಕೊಂಡರೂ ಹೀಗೇ. ಮೂರಕ್ಕೂ ಲಕ್ಷಣ ಒಂದೇ. ಬೇರೆ ಮಾಡುವುದಕ್ಕೆ ಇರುವುದು ಒಂದೇ ದಾರಿ: ನಿಂತ ಕ್ಷಣದಲ್ಲೇ, ನಿಂತ ಜಾಗದಲ್ಲೇ, ಆರುವ ಮೊದಲೇ ನೋಡಬೇಕು. ಹಾಗಾಗಿ ಸ್ಪ್ಯಾನರು, ಟಾರ್ಚು, ಬಟ್ಟೆ ಎಲ್ಲ ಚೀಲದಲ್ಲಿಟ್ಟುಕೊಂಡು, ಗಾಡಿ ನಿಲ್ಲಲೆಂದೇ ನಿನ್ನೆ ಸಂಜೆ ಏರು ರಸ್ತೆಗೆ ಹೊರಟೆ. ಅದು ನಿಲ್ಲಲಿ ಅಂತ ನಾನು ಹಾರೈಸಿದ್ದು ಅದೇ ಮೊದಲು.

ನಿಂತಿತು. ಇಳಿದವನೇ ಟ್ಯಾಂಕ್ ಮುಚ್ಚಳ ತಿರುವಿದೆ. ಒಳಕ್ಕೆ ಗಾಳಿ ಎಳೆದುಕೊಳ್ಳುವ ಸದ್ದಿಲ್ಲ. ಕಾರ್ಬ್ಯುರೇಟರ್ ತಳದ ಸ್ಕ್ರೂ ಸಡಿಲಿಸಿದೆ, ಪೆಟ್ರೋಲ್ ಧಾರಾಳವಾಗಿ ಬಂತು. ಸೋರಿದ್ದನ್ನು ಒರೆಸಿ, ಆವಿ ಹೋಗುವಷ್ಟು ಹೊತ್ತು ಬಿಟ್ಟು, ಪ್ಲಗ್ ಬಿಚ್ಚಿ, ಸಿಲಿಂಡರ್ ತೂತಿನಿಂದ ದೂರದಲ್ಲಿ ಹೆಡ್‌ಗೆ ತಾಗಿಸಿಟ್ಟು ಕಿಕ್ಕರ್ ತುಳಿದೆ. ಕಿಡಿ ಇತ್ತು. ಆದರೆ ಚಟ್ ಅಂತ ಸಿಡಿಯುವ ನೀಲಿ ಕಿಡಿ ಅಲ್ಲ, ಸದ್ದಿಲ್ಲದ ಹಳದಿ ಎಳೆ. ಬಹಳ ಮಂದಿ ಇಲ್ಲೇ "ಕರೆಂಟ್ ಬರ್ತಿದೆ" ಅಂತ ಪ್ಲಗ್ ಮತ್ತೆ ಹಾಕಿ ಕಾರ್ಬ್ಯುರೇಟರ್ ಬಿಚ್ಚಲು ಹೋಗುತ್ತಾರೆ. ಹೊರಗಿನ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರ್ ಒಳಗಿನ ಒತ್ತಡದಲ್ಲಿ ಹಾರಬೇಕೆಂದೇನೂ ಇಲ್ಲ. ಅಲ್ಲಿ ಹಾರುವುದಕ್ಕೆ ಇನ್ನೂ ಹೆಚ್ಚು ವೋಲ್ಟ್ ಬೇಕು.

ಕತ್ತಲಾಗುತ್ತಿತ್ತು, ಅದೂ ಒಳ್ಳೆಯದೇ ಆಯಿತು. ಪಾಯಿಂಟ್ಸ್ ಮುಚ್ಚಳ ತೆಗೆದು, ಟಾರ್ಚ್ ಆರಿಸಿ, ಕಿಕ್ಕರನ್ನು ಕೈಯಿಂದ ಒತ್ತುತ್ತ ಒಳಗೆ ನೋಡಿದೆ. ಪಾಯಿಂಟ್ಸ್ ತೆರೆದಾಗಲೆಲ್ಲ ಒಂದು ದಪ್ಪ ಮಿಂಚು! ಸರಿಯಿದ್ದರೆ ಕಂಡೂ ಕಾಣದಷ್ಟು ಸಣ್ಣ ಚುಕ್ಕೆ ಇರಬೇಕಾದಲ್ಲಿ ಇಡೀ ಡಬ್ಬಿ ಬೆಳಗುವಂಥ ಬೆಳಕು. ಟಾರ್ಚ್ ಹಾಕಿ ಹತ್ತಿರದಿಂದ ನೋಡಿದರೆ ಪಾಯಿಂಟ್ಸ್‌ನ ಒಂದು ಮುಖದಲ್ಲಿ ಕುಳಿ, ಎದುರಿನ ಮುಖದಲ್ಲಿ ಅಷ್ಟೇ ಗಾತ್ರದ ಗುಬುಟು. ಒಂದರ ಲೋಹ ಕರಗಿ ಇನ್ನೊಂದಕ್ಕೆ ಹೋಗಿ ಅಂಟಿತ್ತು, ಸುತ್ತ ನೀಲಿಗಪ್ಪು ಮಸಿ. ಆ ರಸ್ತೆ ಬದಿಯಲ್ಲಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಗಾಡಿ ಇನ್ನೂ ನಿಂತೇ ಇತ್ತು, ಮನೆ ದೂರವಿತ್ತು. ಆದರೂ ಗೆದ್ದೆ ಅನ್ನಿಸಿತು.

ಇವತ್ತು ಬೆಳಿಗ್ಗೆ ಹಳೇ ಕಂಡೆನ್ಸರ್ ವೈರು ಕಳಚಿ, ಹೊಸದನ್ನು ಎಂಜಿನ್ ಒಳಗೆ ಹಾಕದೆ ಟ್ಯಾಂಕ್ ಕೆಳಗೆ ಕಾಯಿಲ್ ಪಕ್ಕದಲ್ಲಿ ಬಿಗಿದೆ. ಕಾಯಿಲ್‌ನ ಆ ತುದಿಗೂ ಪಾಯಿಂಟ್ಸ್‌ಗೂ ನಡುವೆ ಇರುವುದು ಒಂದೇ ವೈರು, ಹಾಗಾಗಿ ಕಂಡೆನ್ಸರ್ ಎರಡರಲ್ಲಿ ಎಲ್ಲಿದ್ದರೂ ಕೆಲಸ ಒಂದೇ. ಡಬ್ಬಿ ಚಾಸಿಗೆ ಸರಿಯಾಗಿ ಅರ್ತ್ ಆಗಬೇಕು, ಅದಕ್ಕಾಗಿ ಬೋಲ್ಟ್ ಕೂರುವ ಜಾಗದ ಪೇಂಟ್ ಕೆರೆದೆ. ಇಲ್ಲಿ ಎಂಜಿನ್ನಿನ ಬಿಸಿ ಅಷ್ಟು ತಾಗುವುದಿಲ್ಲ, ಮೇಲಾಗಿ ಕೈಗೆ ಸುಲಭವಾಗಿ ಸಿಗುತ್ತದೆ.

ಬಿಸಿಲು ಏರಲಿ ಅಂತ ಕಾದು ಅದೇ ಏರಿಗೆ ಹೋದೆ. ನಿಲ್ಲುತ್ತಿದ್ದ ತಿರುವು ಹತ್ತಿರ ಬಂದಾಗ ಕಿವಿ ತಾನಾಗಿಯೇ ನೆಟ್ಟಗಾಯಿತು. ಟಾಪ್ ಗೇರಿನಲ್ಲೇ ಬಿಟ್ಟು ಆಕ್ಸಲರೇಟರ್ ತುಸು ತುಸುವೇ ತಿರುವಿದೆ. ಎಳೆಯಿತು. ಒಂದೂ ಬೀಟ್ ತಪ್ಪದೆ, ಒಂದೊಂದು ಹೊಡೆತವೂ ಹಿಂದಿನ ಚಕ್ರದ ಮೂಲಕ ರಸ್ತೆಗೆ ಇಳಿಯುವುದು ಸೀಟಿನಲ್ಲಿ ಗೊತ್ತಾಗುವ ಹಾಗೆ ಎಳೆಯಿತು. ದೊಡ್ಡ ಸಿಂಗಲ್ ಸಿಲಿಂಡರ್ ಏರಿನಲ್ಲಿ ಕಡಿಮೆ ಸುತ್ತಿನಲ್ಲಿ ದುಡಿಯುವುದನ್ನು ಕೇಳುವ ಸುಖ ಬೇರೆ ಯಾವ ಎಂಜಿನ್ನಿನಲ್ಲೂ ನನಗೆ ಸಿಕ್ಕಿಲ್ಲ. ತುದಿಯಲ್ಲಿ ಬೇಕೆಂದೇ ಆಫ್ ಮಾಡಿ, ಕೂಡಲೇ ಕಿಕ್ ಹೊಡೆದೆ. ಸುಡುವ ಎಂಜಿನ್, ಒಂದೇ ಕಿಕ್ಕು.

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಈ ರಗಳೆಯನ್ನೇ ಮುಗಿಸಿಬಿಡು ಎಂದು ತಿಳಿದವರು ಹೇಳುತ್ತಾರೆ. ಅವರು ಹೇಳುವುದರಲ್ಲಿ ನ್ಯಾಯವಿದೆ. ಬಹಳಷ್ಟು ಕಂಪನಿಗಳು 1970–80ರ ದಶಕಗಳಲ್ಲೇ ಪಾಯಿಂಟ್ಸ್ ಬಿಟ್ಟುಕೊಟ್ಟದ್ದು ಸುಮ್ಮನೆ ಅಲ್ಲ. ಸವೆಯುವ ಭಾಗವಿಲ್ಲ, ಗ್ಯಾಪ್ ನೋಡುವ ಕೆಲಸವಿಲ್ಲ, ಕಿಡಿ ಸದಾ ಒಂದೇ ಸಮ. ದಿನಾ ದೂರ ಓಡಾಡಲು ಇದೊಂದೇ ಗಾಡಿ ಇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಆ ಪೆಟ್ಟಿಗೆ ಕೆಟ್ಟರೆ ರಸ್ತೆ ಬದಿಯಲ್ಲಿ ಯಾರೂ ಏನೂ ಮಾಡುವ ಹಾಗಿಲ್ಲ. ಪಾಯಿಂಟ್ಸ್ ಆದರೆ ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ನಿನ್ನೆ ಕಂಡ ಹಾಗೆ. ಈ ಗಾಡಿಯನ್ನು ನಾನು ಇಟ್ಟುಕೊಂಡಿರುವುದೇ ಅದಕ್ಕಾಗಿ, ಬಿಡುವ ಯೋಚನೆ ಇಲ್ಲ.

ಹಳೇ ಕಂಡೆನ್ಸರನ್ನು ಮಧ್ಯಾಹ್ನ ಗರಗಸದಿಂದ ಕೊಯ್ದು ಸುರುಳಿ ಬಿಚ್ಚಿದೆ. ಕಾಗದದ ಒಂದು ಅಂಚು ಉದ್ದಕ್ಕೂ ಕಂದಿತ್ತು, ಬೆರಳು ತಾಗಿದರೆ ಪುಡಿಯಾಗುತ್ತಿತ್ತು.

ಒಂದು ಮಾತು, ನಿಮ್ಮಲ್ಲಿ ಯಾರಾದರೂ ಇದೇ ಪಾಡು ಪಡುತ್ತಿದ್ದರೆ: ಹೊಸ ಕಂಡೆನ್ಸರ್ ಹಾಕಿ ಪಾಯಿಂಟ್ಸನ್ನು ಹಾಗೇ ಬಿಡಬೇಡಿ. ಕುಳಿಬಿದ್ದ ಪಾಯಿಂಟ್ಸ್‌ನ ಸಂದಿಗೆ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಪಟ್ಟಿ, ತೂರಿಸಿದರೆ ಅದು ಗುಬುಟಿಗೆ ತಾಗಿ ಸುಳ್ಳು ಲೆಕ್ಕ ಕೊಡುತ್ತದೆ. ಮೊದಲು ಎರಡೂ ಮುಖ ಸಮ ಮಾಡಿ, ಇಲ್ಲವೇ ಜೋಡಿಯನ್ನೇ ಬದಲಿಸಿ, ಆಮೇಲೆ ಗ್ಯಾಪ್ ಇಡಿ. ನನ್ನದಕ್ಕೆ 0.35ರಿಂದ 0.40 ಮಿ.ಮೀ. ಪಾಯಿಂಟ್ಸನ್ನು ತೆರೆಯುವ ಕ್ಯಾಮ್ ಒರೆಸುವ ಫೆಲ್ಟ್‌ಗೆ ಒಂದು ತೊಟ್ಟು ಎಣ್ಣೆ ಬಿಡಿ. ಅದು ಒಣಗಿದರೆ ಪಾಯಿಂಟ್ಸ್‌ನ ಹಿಮ್ಮಡಿ (ಕ್ಯಾಮ್ ಮೇಲೆ ಉಜ್ಜುವ ತುದಿ) ಬೇಗ ಸವೆದು ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಹಿಂದೆ ಬೀಳುತ್ತದೆ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಹಾಗಾಗಿ ಅದನ್ನೂ ನೋಡಿಯೇ ಮುಚ್ಚಳ ಹಾಕಿ.

ನನ್ನ ಟೈಮಿಂಗ್ ನಾಳೆ ಸಂಜೆ ನೋಡುತ್ತೇನೆ. ಏರಿನಿಂದ ಇಳಿದು ಬಂದಾಗ ಎಂಜಿನ್ ತಲೆಯ ಮೇಲಿನ ರಾಕರ್ ಕವರ್ ಅಂಚಿನಲ್ಲಿ ಎಣ್ಣೆ ಜಿನುಗಿದ್ದು ಕಂಡಿತು, ಫಿನ್‌ಗಳ ಮೇಲೆಲ್ಲ ಹರಡಿದೆ. ಎಣ್ಣೆ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಪೇಪರ್ ಇದೆ. ಅಚ್ಚು ತೆಗೆದು ಕತ್ತರಿಸಬೇಕು.