ಜರ್ಮನಿಯ ನದಿ ದಂಡೆಯಲ್ಲಿ ಸೈಕಲ್: ಮೊದಲ ಸಲಕ್ಕೆ ಯಾವ ನದಿ?

ಜರ್ಮನಿಯಲ್ಲಿ ಕೆಲಸಕ್ಕಿರುವ ಕನ್ನಡಿಗರೂ ಬೇಸಿಗೆಯಲ್ಲಿ ಅವರನ್ನು ನೋಡಲು ಬರುವ ನೆಂಟರೂ ಕೇಳುವುದು ಒಂದೇ ಪ್ರಶ್ನೆ: "ನದಿ ಪಕ್ಕದಲ್ಲೇ ವಾರಗಟ್ಟಲೆ ಸೈಕಲ್ ಹೊಡೆಯಬಹುದಂತಲ್ಲ, ಮೊದಲ ಸಲಕ್ಕೆ ಯಾವುದು ಹಿಡಿಯೋಣ? ರೈನಾ, ಡಾನ್ಯೂಬಾ?" ನನ್ನ ಉತ್ತರ ಎರಡೂ ಅಲ್ಲ, ವೇಸರ್. ಹಾನ್ ಮ್ಯುಂಡೆನ್‌ನಲ್ಲಿ ಶುರು ಮಾಡಿ ಮಿಂಡೆನ್‌ನಲ್ಲಿ ನಿಲ್ಲಿಸಿ. ರಜೆಯೂ ಉತ್ಸಾಹವೂ ಉಳಿದಿದ್ದರೆ ಬ್ರೆಮೆನ್, ಇನ್ನೂ ಉಳಿದಿದ್ದರೆ ಸಮುದ್ರದ ಅಂಚಿನ ಕುಕ್ಸ್‌ಹಾಫೆನ್.

ನದಿಯನ್ನು ಚೆಲುವು ನೋಡಿ ಆರಿಸುವವರೇ ಹೆಚ್ಚು. ಮೊದಲ ಸಲಕ್ಕೆ ನೋಡಬೇಕಾದದ್ದು ರೈಲು ನಿಲ್ದಾಣಗಳನ್ನು ಮತ್ತು ಗಾಳಿಯ ದಿಕ್ಕನ್ನು. ಬಿಂಗೆನ್‌ನಿಂದ ಕೋಬ್ಲೆನ್ಸ್‌ವರೆಗಿನ ರೈನ್ ಕಣಿವೆ 2002ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಕೋಟೆಗಳು ಸಾಲುಗಟ್ಟಿ ನಿಂತಿವೆ, ನಿಜ. ಆದರೆ ಆ ಕಿರಿದಾದ ಕಣಿವೆಯ ಎರಡೂ ದಡದಲ್ಲಿ ಹೆದ್ದಾರಿಯಿದೆ, ಎರಡೂ ದಡದಲ್ಲಿ ರೈಲು ಹಳಿಯಿದೆ. ರಾತ್ರಿಯಿಡೀ ಗೂಡ್ಸ್ ಗಾಡಿಗಳ ಸದ್ದು. ಎಲ್ಬೆ ಬಹಳ ಸೊಗಸಾದ ನದಿ, ಆದರೆ ಮಾಗ್ಡೆಬುರ್ಗ್ ದಾಟಿದ ಮೇಲೆ ಊರುಗಳು ವಿರಳ, ನಿಲ್ದಾಣಗಳು ಇನ್ನೂ ವಿರಳ. ಮೋಸೆಲ್ ಎರಡನೇ ಪ್ರವಾಸಕ್ಕೆ ಹೇಳಿ ಮಾಡಿಸಿದ್ದು. ಒಂದು ವಿಷಯ ಮಾತ್ರ ತಿಳಿದಿರಲಿ: ಟ್ರಿಯರ್ ಕಡೆಯಿಂದ ಬರುವ ರೈಲು ನಡುವೆ ನದಿಯನ್ನು ಬಿಟ್ಟು ವಿಟ್‌ಲಿಷ್ ಮೇಲೆ ಹಾದು ಬುಲ್ಲಾಯ್ ಹತ್ತಿರ ಮತ್ತೆ ಸೇರಿಕೊಳ್ಳುತ್ತದೆ. ಬೆರ್ನ್‌ಕಾಸ್ಟೆಲ್‌ನಲ್ಲಿ ಮಂಡಿ ಹಿಡಿದುಕೊಂಡರೆ ರೈಲಿಲ್ಲ, ಬಸ್ಸೇ ಗತಿ.

ಇನ್ನು ವೇಸರ್. ವೆರ್ರಾ ಮತ್ತು ಫುಲ್ಡಾ ಎಂಬ ಎರಡು ನದಿಗಳು ಹಾನ್ ಮ್ಯುಂಡೆನ್‌ನಲ್ಲಿ ಕೂಡುತ್ತವೆ, ಅಲ್ಲಿಂದ ಮುಂದೆ ಹೆಸರು ವೇಸರ್. ಗ್ಯೋಟಿಂಗೆನ್ ಮತ್ತು ಕಾಸೆಲ್ ನಡುವಿನ ಪ್ರಾದೇಶಿಕ ರೈಲು ಇಲ್ಲಿ ನಿಲ್ಲುತ್ತದೆ. ಸಂಗಮದಿಂದಲೇ ನದಿಯ ಕಿಲೋಮೀಟರ್ ಎಣಿಕೆ ಶುರು, ದಡದಲ್ಲಿ ಫಲಕಗಳಿವೆ. ಬಾಡ್ ಕಾರ್ಲ್ಸ್‌ಹಾಫೆನ್ ಸುಮಾರು 44, ಹೋಲ್ಸ್‌ಮಿಂಡೆನ್ 80, ಬೋಡೆನ್‌ವೆರ್ಡರ್ 111, ಹಾಮೆಲ್ನ್ 135, ರಿಂಟೆಲ್ನ್ 163, ಮಿಂಡೆನ್ 204. ಸೈಕಲ್ ದಾರಿ ಇದಕ್ಕಿಂತ ಅಲ್ಲಲ್ಲಿ ಸ್ವಲ್ಪ ಹೆಚ್ಚುಕಡಿಮೆ, ಆದರೆ ಲೆಕ್ಕಕ್ಕೆ ಇಷ್ಟು ಸಾಕು. ಕಾರ್ಲ್ಸ್‌ಹಾಫೆನ್, ಹೋಲ್ಸ್‌ಮಿಂಡೆನ್, ಹಾಮೆಲ್ನ್, ರಿಂಟೆಲ್ನ್, ಮಿಂಡೆನ್ ಅಂತ ಐದು ದಿನಕ್ಕೆ ಹಂಚಿದರೆ ಅತಿ ಉದ್ದದ ದಿನ 55 ಕಿಲೋಮೀಟರ್. ಈ ಐದೂ ಊರಿಗೆ ರೈಲಿದೆ. ಬೋಡೆನ್‌ವೆರ್ಡರ್‌ಗೆ ಇಲ್ಲ, ನದಿ ದಾರಿಯಲ್ಲಿ ಮುಂದೆ ಸಿಗುವ ನಿಲ್ದಾಣ ಎಮ್ಮರ್‌ಥಾಲ್. ಹೋಲ್ಸ್‌ಮಿಂಡೆನ್‌ಗೆ ಸ್ವಲ್ಪ ಮೊದಲು ಸಿಗುವ ಹ್ಯೋಕ್ಸ್‌ಟರ್‌ನ ಕೊರ್ವೇ ಮಠಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. 2014ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಜಾಗ ಅದು.

"ಹರಿವಿನ ದಿಕ್ಕಿಗೆ ಹೋದರೆ ಇಳಿಜಾರಲ್ಲವೇ, ಸುಲಭ ತಾನೇ?" ಅಂತ ಇನ್ನೊಂದು ಪ್ರಶ್ನೆ ಬರುತ್ತದೆ. ಸಂಗಮದ ಎತ್ತರ ಸಮುದ್ರಮಟ್ಟದಿಂದ ಸುಮಾರು 117 ಮೀಟರ್, ನದಿಯ ಉದ್ದ ಸುಮಾರು 450 ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಒಂದು ಗೇಣಿಗಿಂತ ತುಸು ಹೆಚ್ಚು ಇಳಿಜಾರು. ಕಾಲಿಗೆ ಅದು ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಗಾಳಿ. ಉತ್ತರ ಜರ್ಮನಿಯಲ್ಲಿ ಬೇಸಿಗೆಯ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ವಾಯವ್ಯದಿಂದ ಬೀಸುತ್ತದೆ. ನೀವು ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿದ್ದು ಎದುರಿಗೆ 20 ಕಿಲೋಮೀಟರ್ ಗಾಳಿ ಇದ್ದರೆ ಮೈಗೆ ತಾಕುವುದು 36ರ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ನಿಶ್ಚಲ ಗಾಳಿಯಲ್ಲಿ ಇದ್ದದ್ದರ ಐದು ಪಟ್ಟು. ಅಲ್ಲಿ ವೇಗ 11, 12ಕ್ಕೆ ಇಳಿಯುತ್ತದೆ, ದಿನದ ಲೆಕ್ಕವೆಲ್ಲ ತಲೆಕೆಳಗು. ಮಿಂಡೆನ್‌ವರೆಗೆ ಗುಡ್ಡಗಳು ಬಹುಮಟ್ಟಿಗೆ ಕಾಪಾಡುತ್ತವೆ. ಮಿಂಡೆನ್‌ಗೆ ಸ್ವಲ್ಪ ಮೊದಲು ಪೋರ್ಟಾ ವೆಸ್ಟ್‌ಫಾಲಿಕಾ ಎಂಬಲ್ಲಿ ನದಿ ಗುಡ್ಡಸಾಲನ್ನು ಸೀಳಿಕೊಂಡು ಬಯಲಿಗೆ ಇಳಿಯುತ್ತದೆ. ಆಮೇಲೆ ಎಲ್ಲೂ ಮರೆಯಿಲ್ಲ. ಮೊದಲ ಸಲದವರಿಗೆ ಮಿಂಡೆನ್‌ನಲ್ಲಿ ನಿಲ್ಲಿಸಿ ಅನ್ನುವುದು ಇದಕ್ಕೇ. ಮುಂದೆ ಹೋಗುವವರು ಬೆಳಿಗ್ಗೆ ಏಳಕ್ಕೇ ಹೊರಡಿ, ಗಾಳಿ ಏಳುವುದು ಸಾಮಾನ್ಯವಾಗಿ ಹೊತ್ತೇರಿದ ಮೇಲೆ.

ಈ ಹಾದಿಯಲ್ಲಿ ತಪ್ಪದೆ ಹತ್ತಬೇಕಾದದ್ದು ದೋಣಿ. ಹೆಮೆಲ್ನ್, ಪೋಲೆ, ಗ್ರೋಂಡೆ ಎಂಬ ಊರುಗಳಲ್ಲಿ ದಾಟಿಸುವ ದೋಣಿಗಳು ಎಂಜಿನ್ ಬಲದಿಂದ ನಡೆಯುವುದಿಲ್ಲ. ನದಿಗೆ ಅಡ್ಡಲಾಗಿ ಎತ್ತರದಲ್ಲಿ ಉಕ್ಕಿನ ಹಗ್ಗ ಬಿಗಿದಿದ್ದಾರೆ. ಅದರ ಮೇಲೆ ಉರುಳುವ ಗಾಲಿಯಿಂದ ಎರಡು ತಂತಿ ಇಳಿದು ದೋಣಿಯ ಎರಡು ತುದಿಗೆ ಕಟ್ಟಿರುತ್ತದೆ. ನಾವಿಕ ಒಂದು ತಂತಿಯನ್ನು ಗಿಡ್ಡ ಮಾಡಿ ಇನ್ನೊಂದನ್ನು ಉದ್ದ ಬಿಟ್ಟರೆ ದೋಣಿ ಹರಿವಿಗೆ ಓರೆಯಾಗಿ ನಿಲ್ಲುತ್ತದೆ. ಹರಿಯುವ ನೀರು ಆ ಓರೆ ಬದಿಯನ್ನು ಒತ್ತಿ ಆಚೆ ದಡಕ್ಕೆ ತಳ್ಳುತ್ತದೆ. ವಾಪಸ್ ಬರುವಾಗ ಓರೆಯನ್ನು ತಿರುಗಿಸಿದರೆ ಮುಗಿಯಿತು. ಕಾರು ಕೂಡ ಹೀಗೇ ದಾಟುತ್ತದೆ, ಸದ್ದೇ ಇಲ್ಲದೆ. ನೀರು ತೀರ ಹೆಚ್ಚಾದರೂ ಕಡಿಮೆಯಾದರೂ ದೋಣಿ ನಿಲ್ಲಿಸುತ್ತಾರೆ, ಹಾಗಾಗಿ ದೋಣಿ ನಂಬಿ ದಾರಿ ಹಾಕಿಕೊಂಡಿದ್ದರೆ ಹಿಂದಿನ ಸಂಜೆಯೇ ವಿಚಾರಿಸಿ.

ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುವಾಗ ಮೊದಲು ಬ್ರೇಕ್ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಚಕ್ರಕ್ಕೆ, ಅಲ್ಲಿ ಮುಂದಿನದ್ದು ಎಡಗೈಗೆ. ಗಾಬರಿಯಲ್ಲಿ ಹಿಂದಿನ ಬ್ರೇಕ್ ಎಂದುಕೊಂಡು ಎಡಗೈ ಜೋರಾಗಿ ಒತ್ತಿದರೆ ಮುಗ್ಗರಿಸಬಹುದು. ಕೆಲವಕ್ಕೆ ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುವ ಏರ್ಪಾಡೂ ಇರುತ್ತದೆ. ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಓಡಿಸಿಯೇ ಹೊರಡಿ. ಸೀಟಿನ ಎತ್ತರಕ್ಕೆ ಸುಲಭದ ಪರೀಕ್ಷೆ: ಪೆಡಲ್ ತೀರ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾದರೆ ಸೊಂಟ ಅತ್ತಿತ್ತ ಜಾರಿ ತೊಡೆಸಂದು ಉಜ್ಜಿ ಕೆಂಪಾಗುತ್ತದೆ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಇನ್ನೊಂದು ಒಳಉಡುಪು ಹಾಕಬೇಡಿ, ಅದರ ಹೊಲಿಗೆಯೇ ಗಾಯ ಮಾಡುವುದು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈ ಬುಡದ ನರದ ಮೇಲೆ ಭಾರ ಬೀಳುತ್ತಿದೆ ಎಂದರ್ಥ; ಹ್ಯಾಂಡಲ್ ಸ್ವಲ್ಪ ಎತ್ತರಿಸಿ, ಹಿಡಿತವನ್ನು ಆಗಾಗ ಬದಲಿಸಿ.

ಸಾಮಾನು 10 ರಿಂದ 12 ಕಿಲೋ ಮೀರದಿರಲಿ. ಹಿಂದಿನ ಕ್ಯಾರಿಯರ್‌ನ ಎರಡು ಬದಿಗೆ 20 ಲೀಟರಿನ ಎರಡು ಚೀಲ ಧಾರಾಳ ಸಾಕು. ಭಾರದ್ದು ತಳದಲ್ಲಿ, ಎರಡೂ ಬದಿ ಸಮ. ಅತಿ ಭಾರ ಹೇರಿದರೆ ಮೊದಲು ಕೈಕೊಡುವುದು ಹಿಂದಿನ ಚಕ್ರದ ಕಡ್ಡಿ: ಗೇರ್ ಕೂರಿಸಲು ಚಕ್ರವನ್ನು ಒಂದು ಕಡೆಗೆ ಎಳೆದು ಕಟ್ಟಿರುವುದರಿಂದ ಎರಡು ಬದಿಯ ಕಡ್ಡಿಗಳ ಬಿಗಿ ಒಂದೇ ಅಲ್ಲ, ಹಳೆಯ ಊರುಗಳ ಕಲ್ಲುಹಾಸಿನ ಮೇಲೆ ಭಾರ ಕುಲುಕಿದಾಗ ಪಟ್ ಅಂತ ಹೋಗುತ್ತದೆ. ಕಲ್ಲುಹಾಸು ಬಂದಾಗ ಪೆಡಲ್ ಮೇಲೆ ಎದ್ದು ನಿಂತು ನಿಧಾನಕ್ಕೆ ದಾಟಿ. ಒಂದು ಟ್ಯೂಬ್, ಎರಡು ಟೈರ್ ಲಿವರ್, ಪಂಪು ಕೈಲಿರಲಿ. ಟ್ಯೂಬಿನ ಅಳತೆ ಟೈರಿನ ಬದಿಯಲ್ಲೇ 47-622 ಎಂಬಂತೆ ಬರೆದಿರುತ್ತದೆ. ಪೆಟ್ರೋಲ್ ಬಂಕಿನ ಗಾಳಿ ಪೈಪು ಕಾರಿನ ವಾಲ್ವಿಗೆ ಮಾತ್ರ ಕೂರುತ್ತದೆ; ಸಣ್ಣ ಅಡಾಪ್ಟರ್ ಇಲ್ಲದಿದ್ದರೆ ಎದುರಿಗೇ ಗಾಳಿ ಇದ್ದೂ ತುಂಬಿಸಲಾಗದು.

ನಿಯಮಗಳಲ್ಲಿ ನಮ್ಮವರಿಗೆ ಅಪಾಯ ತರುವುದು ಒಂದೇ. ಬೋರ್ಡಾಗಲಿ ಸಿಗ್ನಲ್ಲಾಗಲಿ ಇಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲದಿಂದ ಬರುವವರಿಗೆ ಮೊದಲ ಹಕ್ಕು. ಅವರು ನಿಧಾನಿಸುವುದಿಲ್ಲ, ನೀವು ನಿಲ್ಲುತ್ತೀರಿ ಎಂದೇ ನಂಬಿರುತ್ತಾರೆ. ದುಂಡನೆಯ ನೀಲಿ ಫಲಕದಲ್ಲಿ ಬಿಳಿ ಸೈಕಲ್ ಇದ್ದರೆ ರಸ್ತೆ ಬಿಟ್ಟು ಆ ಪಥದಲ್ಲೇ ಹೋಗಬೇಕು. ಹೆಲ್ಮೆಟ್ ಕಡ್ಡಾಯವಲ್ಲ, ಆದರೂ ಹಾಕಿ.

ರೈಲಿನಲ್ಲಿ ಸೈಕಲ್‌ಗೆ ಬೇರೆ ಟಿಕೆಟ್. ದೇಶದ ಪ್ರಾದೇಶಿಕ ರೈಲು, ಬಸ್ಸುಗಳಿಗೆಲ್ಲ ನಡೆಯುವ ತಿಂಗಳ ಪಾಸು ಡಾಯ್ಚ್‌ಲಾಂಡ್ ಟಿಕೆಟ್ ನಿಮಗೆ ಮಾತ್ರ, ಸೈಕಲ್‌ಗಲ್ಲ. ಕೆಲವು ರಾಜ್ಯಗಳಲ್ಲಿ ಪ್ರಾದೇಶಿಕ ರೈಲಿಗೆ ಸೈಕಲ್ ಉಚಿತ, ಕೆಲವು ಕಡೆ ದಿನದ ಟಿಕೆಟ್. ಐಸಿ, ಐಸಿಇ ಎಂಬ ದೂರದ ವೇಗದ ರೈಲುಗಳಲ್ಲಿ ಸೈಕಲ್‌ಗೆ ಜಾಗ ಮುಂಚೆಯೇ ಕಾದಿರಿಸಲೇಬೇಕು, ಐಸಿಇ 4ರಲ್ಲಿ ಇರುವುದೇ ಎಂಟು ಜಾಗ. ಬೇಸಿಗೆಯ ಶನಿವಾರ, ಭಾನುವಾರ ಬೆಳಿಗ್ಗೆ ಪ್ರಾದೇಶಿಕ ರೈಲಿನಲ್ಲೂ ಸೈಕಲ್ ಡಬ್ಬಿ ತುಂಬಿದ್ದರೆ ಹತ್ತಿಸಿಕೊಳ್ಳುವುದಿಲ್ಲ; ಗಾಲಿಕುರ್ಚಿ, ಮಕ್ಕಳ ಗಾಡಿಗೆ ಮೊದಲ ಆದ್ಯತೆ, ಅದು ಸರಿಯೇ. ಪ್ರಯಾಣ ವಾರದ ನಡುವೆ ಇಟ್ಟುಕೊಳ್ಳಿ, ರೈಲು ಬರುವ ಮೊದಲೇ ಚೀಲ ಕಳಚಿಡಿ.

ಭಾನುವಾರ ಅಂಗಡಿಗಳಿಗೆ ರಜೆ. ಬೇಕರಿ ಕೆಲವು ಗಂಟೆ ತೆರೆದಿದ್ದರೆ ಪುಣ್ಯ, ಹಾಗಾಗಿ ಶನಿವಾರವೇ ಎರಡು ಹೊತ್ತಿನ ಬುತ್ತಿ ಕಟ್ಟಿಕೊಳ್ಳಿ. ಶಾಕಾಹಾರಿಗಳು ಹುರಿದ ಆಲೂಗೆಡ್ಡೆ ಹೇಳುವಾಗ "ಓನೆ ಷ್ಪೆಕ್" ಅನ್ನಬೇಕು, ಇಲ್ಲದಿದ್ದರೆ ಹಂದಿಮಾಂಸದ ಚೂರು ಬಿದ್ದಿರುತ್ತದೆ. ಆಲೂಗೆಡ್ಡೆ ರೊಟ್ಟಿ ಮತ್ತು ಸೇಬಿನ ಗೊಜ್ಜು, ಕೇಸೆ ಷ್ಪೆಟ್ಸ್‌ಲೆ (ಮೊಟ್ಟೆ ಹಾಕಿದ ಹಿಟ್ಟಿನ ದಪ್ಪ ಶ್ಯಾವಿಗೆಗೆ ಚೀಸ್ ಬೆರೆಸಿದ್ದು), ತುರ್ಕಿ ಅಂಗಡಿಯ ಫಲಾಫೆಲ್ ಎಂಬ ಕಡಲೆ ವಡೆ ಹೊಟ್ಟೆ ತುಂಬಿಸುತ್ತವೆ. ಬಹಳಷ್ಟು ಚೀಸ್‌ಗಳಲ್ಲಿ ಕರುವಿನ ಜಠರದ ರೆನೆಟ್ ಇರುತ್ತದೆ, ಕಟ್ಟುನಿಟ್ಟಿನವರು ಪೊಟ್ಟಣದ ಮೇಲಿನದ್ದು ಓದಲೇಬೇಕು. ಹೋಟೆಲಿನಲ್ಲಿ ನೀರು ಪುಕ್ಕಟೆ ಸಿಗುವ ರೂಢಿಯಿಲ್ಲ. ದಾರಿಯಲ್ಲಿ ಬಾಟಲಿ ತುಂಬಿಸಲು ಸ್ಮಶಾನದ ನಲ್ಲಿ ನೆರವಾಗುತ್ತದೆ, ಸೈಕಲ್ಲಿಗರೆಲ್ಲ ಹಾಗೆ ಮಾಡುತ್ತಾರೆ. "ಕೈನ್ ಟ್ರಿಂಕ್‌ವಾಸರ್" ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ತಂಗಲು "ಬೆಟ್ ಉಂಡ್ ಬೈಕ್" ಫಲಕವಿರುವ ಮನೆ, ಹೋಟೆಲು ಹುಡುಕಿ. ಜರ್ಮನಿಯ ಸೈಕಲ್ ಸಂಘ ಎಡಿಎಫ್‌ಸಿ ಕೊಡುವ ಗುರುತು ಅದು. ಒಂದೇ ರಾತ್ರಿಗಾದರೂ ಕೊಠಡಿ ಕೊಡಬೇಕು, ಸೈಕಲ್‌ಗೆ ಬೀಗದ ಜಾಗ, ಒದ್ದೆ ಬಟ್ಟೆ ಒಣಗಿಸಲು ಅನುಕೂಲ ಇರಬೇಕು ಎಂಬುದು ಅದರ ಷರತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಶುಕ್ರವಾರ, ಶನಿವಾರದ ರಾತ್ರಿಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಉಳಿದ ದಿನ ಹಿಂದಿನ ಸಂಜೆ ಫೋನ್ ಮಾಡಿದರೂ ಸಾಮಾನ್ಯವಾಗಿ ಸಿಗುತ್ತದೆ.

ಮಿಂಡೆನ್‌ನಲ್ಲಿ ಮುಗಿಸುವವರು ಊರು ಬಿಡುವ ಮೊದಲು ಕಾಲುವೆ ಸೇತುವೆಗೆ ಹೋಗಿ: ಮಿಟೆಲ್‌ಲಾಂಡ್ ಕಾಲುವೆ ಅಲ್ಲಿ ವೇಸರ್ ನದಿಯ ಮೇಲಿನಿಂದ ಹಾದುಹೋಗುತ್ತದೆ, ಕೆಳಗೆ ನದಿ, ಮೇಲೆ ಸರಕು ಹಡಗು. ಸಮುದ್ರದವರೆಗೂ ಹೋಗುವವರಿಗೆ ಒಟ್ಟು ಸುಮಾರು 520 ಕಿಲೋಮೀಟರ್. ಬ್ರೆಮರ್‌ಹಾಫೆನ್ ಆಚೆ ಸಮುದ್ರದ ಏರಿಯ ಮೇಲೆ ಕುರಿಗಳು ಮೇಯುತ್ತವೆ, ದಾರಿಗೆ ಅಡ್ಡ ಗೇಟುಗಳಿವೆ. ಇಳಿದು ತೆರೆದು, ಮತ್ತೆ ಮುಚ್ಚಿಯೇ ಮುಂದೆ ಹೋಗಬೇಕು. ಕುಕ್ಸ್‌ಹಾಫೆನ್‌ನಿಂದ ಹ್ಯಾಂಬರ್ಗ್‌ಗೂ ಬ್ರೆಮರ್‌ಹಾಫೆನ್‌ಗೂ ಪ್ರಾದೇಶಿಕ ರೈಲು ಇದೆ, ಸೈಕಲ್ ಸಮೇತ ಹತ್ತಬಹುದು.